ಬಳ್ಳಾರಿ ಬಿಸಿಲಿಗೆ ಯಾವ ಹುಲ್ಲು? ಮೂರು ಹಾಕಿ ನೋಡಿದೆ

ಬಳ್ಳಾರಿಯಲ್ಲಿ ಏಪ್ರಿಲ್ ಬಂತೆಂದರೆ ಬಿಸಿಲು 40 ಡಿಗ್ರಿ ದಾಟುತ್ತದೆ. ವರ್ಷವಿಡೀ ಬೀಳುವ ಮಳೆ 600 ಮಿಲಿಮೀಟರ್ ಆಸುಪಾಸು. ಇಲ್ಲಿ ಮನೆ ಮುಂದೆ ಲಾನ್ ಬೇಕು ಅಂದರೆ ಮೊದಲು ನೀರಿನ ಲೆಕ್ಕ ಹಾಕಬೇಕು. ಹತ್ತಡಿ ಉದ್ದ, ಹತ್ತಡಿ ಅಗಲದ ಮಡಿಗೆ ವಾರಕ್ಕೆ ಒಂದಿಂಚು ನೀರು ಅಂದರೆ ಸುಮಾರು 236 ಲೀಟರ್. 15 ಲೀಟರಿನ ಕೊಡದಲ್ಲಿ 16 ಕೊಡ! ಅದಕ್ಕೇ ಇಡೀ ಅಂಗಳಕ್ಕೆ ಹಾಕುವ ಮೊದಲು ಮೂರು ಮಡಿ ಮಾಡಿ ಮೂರು ಹುಲ್ಲು ಬೆಳೆಸಿ ನೋಡಿದೆ. ಮೂರಕ್ಕೂ ಅದೇ ಮಸಾರಿ (ಕೆಂಪು) ಮಣ್ಣು, ಅದೇ ಕೊಟ್ಟಿಗೆ ಗೊಬ್ಬರ, ಅಷ್ಟೇ ನೀರು.

ಅಗಲ ಎಲೆಯ ಕಾರ್ಪೆಟ್ ಗ್ರಾಸ್ ಮಳೆಗಾಲದಲ್ಲಿ ನಳನಳಿಸುತ್ತಿತ್ತು. ಇದರ ಬೇರು ಆಳಕ್ಕೆ ಇಳಿಯುವುದಿಲ್ಲ. ಶಿವರಾತ್ರಿ ಹೊತ್ತಿಗೆ ಎಲೆಯ ಅಂಚು ಸುಟ್ಟಿತು, ಏಪ್ರಿಲ್‌ನಲ್ಲಿ ಪೂರ್ತಿ ಹೋಯಿತು. ನೆರಳು, ತೇವ ಇರುವ ಊರಿಗೆ ಸರಿ, ನಮಗಲ್ಲ.

ನೋಟಕ್ಕೆ ಮೆಕ್ಸಿಕನ್ ಹುಲ್ಲೇ ಚೆಂದ. ಸೂಜಿಯಂಥ ಎಲೆ, ಒತ್ತಾಗಿ ಬೆಳೆಯುತ್ತದೆ, ಬರಿಗಾಲಲ್ಲಿ ನಡೆದರೆ ಮೆತ್ತಗೆ. ನಿಧಾನಕ್ಕೆ ಬೆಳೆಯುವುದರಿಂದ ಕತ್ತರಿಸುವ ಕೆಲಸವೂ ಕಡಿಮೆ. ಆದರೆ ಆ ನಿಧಾನವೇ ತೊಂದರೆ. ಬೇಸಿಗೆಗೆ ವಾರದ ಒಂದಿಂಚು ಸಾಲದೆ ನಡುನಡುವೆ ಬೋಳಾಯಿತು. ಜೂನ್ ಮಳೆ ಬಂದರೂ ಆ ಜಾಗ ತುಂಬಲು ದೀಪಾವಳಿಯಾಯಿತು. ಬೇವಿನ ಮರದ ನೆರಳು ಬೀಳುವ ಬದಿ ಮಾತ್ರ ಕೊನೆತನಕ ಹಸಿರಾಗಿತ್ತು.

ಇನ್ನು ಗರಿಕೆ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಹೊಲದ ಬದುವಿನಿಂದ ತಂದು, ಗೆಣ್ಣು ಇರುವ ಹಾಗೆ ತುಂಡು ಮಾಡಿ, ನಾಲ್ಕು ಇಂಚಿಗೊಂದು ಊರಿದೆ. ಮೇ ತಿಂಗಳಲ್ಲಿ ಬೇಕೆಂದೇ ಮೂರು ವಾರ ನೀರು ನಿಲ್ಲಿಸಿದೆ. ಒಣಗಿ ಬೂದಿ ಬಣ್ಣಕ್ಕೆ ತಿರುಗಿತು. ಸತ್ತೇ ಹೋಯಿತು ಅನ್ನಿಸಿ, ಒಂದು ಕಡೆ ಬೆರಳಿಂದ ಮಣ್ಣು ಕೆದಕಿದೆ. ಒಳಗೆ ಬೆಳ್ಳಗಿನ ಕಾಂಡ, ಉಗುರು ಊರಿದರೆ ರಸ ಬಂತು! ಗೆಣ್ಣಿನಲ್ಲಿ ಅಕ್ಕಿಕಾಳಿನಷ್ಟು ಮೊಳಕೆ. ಮೊದಲ ಮಳೆ ಬಿದ್ದ ವಾರಕ್ಕೆ ಮಡಿಯೆಲ್ಲ ಹಸಿರು. ಅದನ್ನು ನೋಡಿದ ಖುಷಿ ಇನ್ನೂ ಮನಸ್ಸಲ್ಲಿದೆ.

ಅಪ್ಪನಿಗೆ ಇದು ಬೇಡವಾಗಿತ್ತು. "ಕರಿಕೆ ಒಮ್ಮೆ ಹೊಕ್ಕರೆ ಹೋಗಲ್ಲ, ನೋಡು" ಎಂದಿದ್ದರು. ಹೊಲದಲ್ಲಿ ಅದನ್ನು ಕಿತ್ತು ಕಿತ್ತು ಸಾಕಾದವರು ಅವರು, ಅವರ ಮಾತು ನಿಜ. ಹೂವಿನ ಪಾತಿಗೆ ಎರಡೇ ತಿಂಗಳಲ್ಲಿ ನುಗ್ಗಿತು. ಈಗ ಸುತ್ತ ಅರ್ಧ ಅಡಿ ಆಳಕ್ಕೆ ಕಡಪ ಕಲ್ಲು ಹೂಳಿದ್ದೇನೆ, ಮೇಲಿಂದ ದಾಟುವ ಬಳ್ಳಿಯನ್ನು ವಾರಕ್ಕೊಮ್ಮೆ ಕತ್ತರಿಸುತ್ತೇನೆ. ನೆರಳು ಕಂಡರೆ ಇದಕ್ಕೆ ಆಗುವುದಿಲ್ಲ, ಅಲ್ಲಿ ತೆಳ್ಳಗಾಗಿ ಹೋಗುತ್ತದೆ. ಮಳೆಗಾಲದಲ್ಲಿ ವಾರವಾರ ಕತ್ತರಿಸದಿದ್ದರೆ ಜಾಸ್ತಿ ಎತ್ತರ ಬೆಳೆದು ಬುಡ ಕಡ್ಡಿ ಕಡ್ಡಿಯಾಗುತ್ತದೆ. ಒಂದೂವರೆ ಇಂಚು ಬಿಟ್ಟು ಕತ್ತರಿಸಿದರೆ ಸರಿ.

ಹಾಗಾಗಿ ಬಿಸಿಲು ಬೀಳುವ ಅಂಗಳಕ್ಕೆಲ್ಲ ಗರಿಕೆ ಊರಿದೆ. ಮೆಕ್ಸಿಕನ್ ಹುಲ್ಲನ್ನು ಬೇವಿನ ಮರದ ಕೆಳಗೆ, ನಾಲ್ಕಡಿ ಪಟ್ಟಿಯಷ್ಟೇ ಉಳಿಸಿಕೊಂಡಿದ್ದೇನೆ. ಅಷ್ಟು ಜಾಗಕ್ಕೆ ಅಕ್ಕಿ, ತರಕಾರಿ ತೊಳೆದ ನೀರೇ ಸಾಕಾಗುತ್ತಿದೆ.