ಸೂತ್ರ, ಚೌಕುಳಿ ಪುಸ್ತಕ, ಹಗ್ಗ: ಚೌಕದ ಲೆಕ್ಕ ಕಲಿಸಲು ಯಾವುದು ಮೇಲು?

ಹಾಸನದಲ್ಲಿ ಆರನೇ ತರಗತಿ ಓದುವ ತಂಗಿಯ ಮಗಳು ಸಂಕ್ರಾಂತಿಗೆ ಬೇಲೂರು ಬಳಿಯ ನಮ್ಮ ಊರಿಗೆ ಬಂದಾಗ ಚೀಲದಲ್ಲಿ ಒಂದು ಉತ್ತರ ಪತ್ರಿಕೆಯೂ ಇತ್ತು. ಬಾಹು 6 ಸೆಂಟಿಮೀಟರ್ ಇರುವ ಚೌಕದ ವಿಸ್ತೀರ್ಣ 24, ಸುತ್ತಳತೆ 36 ಎಂದು ಬರೆದಿದ್ದಳು. ಗುಣಾಕಾರ ಎರಡೂ ಸರಿ, ಉತ್ತರ ಎರಡೂ ಅದಲುಬದಲು. ಸೂತ್ರಗಳೇನೋ ಬಾಯಿಪಾಠ, ಯಾವುದು ಯಾವುದಕ್ಕೆ ಎಂಬುದು ಮಾತ್ರ ಗೊತ್ತಿಲ್ಲ. ಅವಳು ಊರಿನಲ್ಲಿದ್ದ ನಾಲ್ಕು ದಿನ ನಾನು ಮೂರು ದಾರಿಗಳನ್ನು ಒಂದೊಂದಾಗಿ ಹಿಡಿದು ನೋಡಿದೆ.

ಮೊದಲು ಸೂತ್ರವನ್ನೇ ಇನ್ನಷ್ಟು ತಿದ್ದಿದೆ. ಸುತ್ತಳತೆ ಎಂದರೆ 4 × ಬಾಹು, ವಿಸ್ತೀರ್ಣ ಎಂದರೆ ಬಾಹು × ಬಾಹು. ಇಪ್ಪತ್ತು ಲೆಕ್ಕ ಮಾಡಿಸಿದೆ, ಇಪ್ಪತ್ತೂ ಸರಿಯಾದವು. ಮರುದಿನ ಬೆಳಿಗ್ಗೆ ಕಾಫಿ ಕುಡಿಯುತ್ತಾ ಕೇಳಿದರೆ ಮತ್ತೆ ಹಳೆಯ ಗೊಂದಲ. ಅದರ ಜೊತೆಗೆ 6ರ ವರ್ಗ ಎಂದರೆ 12 ಎಂಬ ಹೊಸ ತಪ್ಪು. ಬಾಹು × ಬಾಹು ಎಂಬುದನ್ನು ಬಾಹುವಿನ ಮೇಲೆ ಪುಟ್ಟ 2 ಹಾಕಿ ಬರೆದ ಕೂಡಲೇ ಮಕ್ಕಳ ಕಣ್ಣಿಗೆ ಅದು ಎರಡರಿಂದ ಗುಣಿಸಿದಂತೆ ಕಾಣುತ್ತದೆ. ಇನ್ನೊಂದು ಮಾತು: ದಯವಿಟ್ಟು ಮೊದಲ ಉದಾಹರಣೆಯಾಗಿ 4ನ್ನು ಯಾರೂ ಕೊಡಬೇಡಿ. ಬದಿ 4 ಆದರೆ ಸುತ್ತಳತೆಯೂ 16, ವಿಸ್ತೀರ್ಣವೂ 16. ಯಾವ ಸೂತ್ರ ಹಾಕಿದರೂ ಉತ್ತರದ ಸಂಖ್ಯೆ ಒಂದೇ ಆಗುವುದರಿಂದ ತಪ್ಪು ತಿಳಿವಳಿಕೆ ಅಲ್ಲೇ ಬೇರು ಬಿಡುತ್ತದೆ.

ಎರಡನೆಯದು ಚೌಕುಳಿ ಪುಸ್ತಕ. ಬದಿ 5 ಮನೆ ಇರುವ ಚೌಕ ಬರೆದು ಒಳಗಿನ ಮನೆಗಳಿಗೆ ನೀಲಿ ಪೆನ್ಸಿಲ್‌ನಿಂದ ಬಣ್ಣ ಹಚ್ಚಿಸಿದೆ. ಒಂದು ಸಾಲಿಗೆ ಐದು, ಅಂಥ ಐದು ಸಾಲು, ಒಟ್ಟು 25. ‘ಚದರ ಸೆಂಟಿಮೀಟರ್’ ಎಂಬಲ್ಲಿನ ‘ಚದರ’ ಎಂದರೆ ತಾನು ಬಣ್ಣ ಹಚ್ಚಿದ ಈ ಮನೆಯೇ ಎಂದು ಅವಳಿಗೆ ಹೊಳೆದದ್ದು ಆಗ. ಮುಂದೆ ಬದಿ ಐದೂವರೆ ಮಾಡಿಸಿದೆ. 25 ಪೂರ್ತಿ ಮನೆ, ಅಂಚಿನಲ್ಲಿ 10 ಅರ್ಧ ಮನೆ, ಮೂಲೆಯಲ್ಲಿ ಒಂದೇ ಒಂದು ಕಾಲು ಮನೆ. 25, 5, 0.25 ಕೂಡಿಸಿದರೆ 30.25. ದಶಾಂಶದ ಗುಣಾಕಾರ ಹೀಗೆ ಕಣ್ಣಿಗೆ ಕಾಣುವುದನ್ನು ಬೇರೆಲ್ಲೂ ನಾನು ನೋಡಿಲ್ಲ. ವಿಸ್ತೀರ್ಣಕ್ಕೆ ಚೌಕುಳಿ ಪುಸ್ತಕಕ್ಕಿಂತ ಮೇಲಾದದ್ದು ಇಲ್ಲ ಎಂದು ಖಚಿತವಾಗಿ ಹೇಳುತ್ತೇನೆ.

ಆದರೆ ಸುತ್ತಳತೆ ಕೇಳಿದಾಗ ಅದೇ ಪುಸ್ತಕ ಕೈಕೊಟ್ಟಿತು. ಅದೇ ಐದರ ಚೌಕಕ್ಕೆ ಅವಳು ಕೊಟ್ಟ ಉತ್ತರ 16. ಪೆನ್ಸಿಲ್ ತುದಿ ಎಲ್ಲೆಲ್ಲಿ ಇಡುತ್ತಾಳೆ ಎಂದು ಪಕ್ಕದಲ್ಲಿ ಕುಳಿತು ನೋಡಿದೆ. ಅವಳು ಎಣಿಸುತ್ತಿದ್ದದ್ದು ಗೆರೆಗಳನ್ನಲ್ಲ, ಅಂಚಿನ ಮನೆಗಳನ್ನು. ಮೂಲೆಯ ಮನೆಗೆ ಹೊರಗಿನ ಗೆರೆ ಎರಡು, ಅವಳ ಎಣಿಕೆಯಲ್ಲಿ ಅದು ಒಂದೇ. ನಾಲ್ಕು ಮೂಲೆಗೆ ನಾಲ್ಕು ಕಡಿಮೆಯಾಗಿ 20 ಇರಬೇಕಾದದ್ದು 16 ಆಗಿತ್ತು. ಗೆರೆಯ ಮೇಲೆ ಬೆಂಕಿಕಡ್ಡಿ ಜೋಡಿಸಿ ತಿದ್ದಿದ್ದಾಯಿತು.

ಮೂರನೆಯದು ಹಗ್ಗ. ಕೊಯ್ಲು ಮುಗಿದ ಗದ್ದೆಗೆ ನಾಲ್ಕು ಗೂಟ, ತೆಂಗಿನ ನಾರಿನ ಹಗ್ಗ, ಟೇಪು ಹಿಡಿದುಕೊಂಡು ಹೋದೆವು. ಒಂದು ಗುಂಟೆ ಎಂದರೆ 1089 ಚದರ ಅಡಿ, ಅಂದರೆ ಬದಿ 33 ಅಡಿಯ ಚೌಕ. ಪಹಣಿಯಲ್ಲಿ ಕಾಣುವ ಗುಂಟೆಯನ್ನು ನೆಲದ ಮೇಲೆ ಇಳಿಸುವುದು ನಮ್ಮ ಉದ್ದೇಶ. ನಾಲ್ಕೂ ಬದಿ 33 ಬರುವಂತೆ ಗೂಟ ಹೊಡೆದೆವು. ಆಮೇಲೆ ಮೂಲೆಯಿಂದ ಮೂಲೆಗೆ ಅಳೆದರೆ ಒಂದು ಕರ್ಣ 50 ಅಡಿ, ಇನ್ನೊಂದು 43 ಅಡಿ 1 ಅಂಗುಲ! ಚೌಕ ವಾಲಿಕೊಂಡಿತ್ತು. “ಮಾವ, ಬದಿ ಎಲ್ಲಾ ಸರಿ ಇದೆಯಲ್ಲ?” ಎಂದಳು. ಬದಿ ಸರಿ ಇತ್ತು, ಸುತ್ತಳತೆಯೂ 132 ಅಡಿಯೇ ಇತ್ತು. ವಿಸ್ತೀರ್ಣ ಮಾತ್ರ ಸುಮಾರು 1077 ಚದರ ಅಡಿ. ಹಗ್ಗ ಒಂದು ಗೇಣೂ ಕಡಿಮೆಯಾಗದೆ 12 ಚದರ ಅಡಿ ನೆಲ ಹೋಗಿತ್ತು. ಎರಡೂ ಕರ್ಣ 46 ಅಡಿ 8 ಅಂಗುಲ ಆಗುವವರೆಗೆ ಗೂಟ ಕಿತ್ತು ನೆಟ್ಟೆವು. ಸುತ್ತಳತೆ, ವಿಸ್ತೀರ್ಣ ಬೇರೆ ಬೇರೆ ಎಂದು ಸೂತ್ರದಿಂದ ಎರಡು ದಿನ ಹೇಳಿದ್ದು ಆ ಅರ್ಧ ಗಂಟೆಗೆ ಸಮವಾಗಲಿಲ್ಲ.

ಗದ್ದೆಯಲ್ಲಿ ನಿಂತೇ ಇನ್ನೊಂದು ಪ್ರಶ್ನೆ ಹಾಕಿದೆ. 40 ಗುಂಟೆ ಸೇರಿದರೆ ಒಂದು ಎಕರೆ. ಪ್ರತಿ ಗುಂಟೆಗೂ ಬೇರೆ ಬೇರೆ ಬೇಲಿ ಹಾಕಿದರೆ 40 × 132, ಅಂದರೆ 5280 ಅಡಿ. ಸರಿಯಾಗಿ ಒಂದು ಮೈಲಿ! ಅದೇ ಎಕರೆಯನ್ನು ಒಂದೇ ಚೌಕವಾಗಿ ಮಾಡಿದರೆ ಬದಿ ಸುಮಾರು 208.7 ಅಡಿ, ಬೇಲಿ ಸುಮಾರು 835 ಅಡಿ ಸಾಕು. ತುಂಡುಗಳನ್ನು ಜೋಡಿಸಿದಾಗ ವಿಸ್ತೀರ್ಣ ಕೂಡಿಕೊಳ್ಳುತ್ತದೆ. ಸುತ್ತಳತೆ ಹಾಗಲ್ಲ, ಒಳಗಿನ ಬೇಲಿಗಳೆಲ್ಲ ಬಿದ್ದುಹೋಗುತ್ತವೆ. ಕಾಫಿ ಗಿಡದ ಅಂತರವೂ ಇದೇ ಪಾಠ ಹೇಳುತ್ತದೆ. 5 ಅಡಿಗೊಂದರಂತೆ ಎರಡೂ ಕಡೆಗೆ ನೆಟ್ಟರೆ ಗಿಡಕ್ಕೆ 25 ಚದರ ಅಡಿ, 10 ಅಡಿಗೊಂದಾದರೆ 100. ಅಂತರ ಎರಡರಷ್ಟು, ಗಿಡಗಳು ಮಾತ್ರ ಕಾಲು ಭಾಗ.

ಹಗ್ಗದ ಕೊರತೆಯನ್ನೂ ಹೇಳಬೇಕು. ನಾರಿನ ಹಗ್ಗ ಎಳೆದಷ್ಟೂ ಹಿಗ್ಗುತ್ತದೆ, ಅಳತೆಗೆ ಟೇಪು ಬೇಕೇ ಬೇಕು. ಇಬ್ಬರಾದರೂ ಬೇಕು, ಬಿಸಿಲು ಏರುವ ಮೊದಲೇ ಮುಗಿಸಬೇಕು. ನಡುವೆ ಮೊಬೈಲ್‌ನಲ್ಲಿ ಜಾಗ ಅಳೆಯುವ ಆ್ಯಪ್ ಹಿಡಿದು ಸುತ್ತು ಹಾಕಿಯೂ ನೋಡಿದೆವು. ಎರಡು ಸುತ್ತಿಗೆ ಎರಡು ಉತ್ತರ. ಕೆಲವು ಮೀಟರ್ ಆಚೀಚೆ ತೋರಿಸುವ ಉಪಕರಣಕ್ಕೆ 33 ಅಡಿಯ ಜಾಗ ತೀರಾ ಚಿಕ್ಕದು.

ಹಾಗಾದರೆ ಸೂತ್ರ ಬೇಡವೇ? ಬೇಕು, ಕೊನೆಯಲ್ಲಿ ಬೇಕು. ವಿಸ್ತೀರ್ಣ 144 ಚದರ ಮೀಟರ್, ಸುತ್ತಳತೆ ಎಷ್ಟು ಎಂದು ಹಿಂದುಮುಂದಾಗಿ ಕೇಳಿದರೆ ಹಗ್ಗವೂ ನಿಲ್ಲುತ್ತದೆ, ಪುಸ್ತಕವೂ ನಿಲ್ಲುತ್ತದೆ. ಯಾವ ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೆ 144 ಎಂದು ಹುಡುಕಿ, 12 ಸಿಕ್ಕ ಮೇಲೆ ನಾಲ್ಕರಿಂದ ಗುಣಿಸಿ 48 ಮೀಟರ್ ಎನ್ನಲು ಸೂತ್ರವೇ ಗತಿ. ಜೂನ್‌ನಲ್ಲಿ ಪಕ್ಕದ ಮನೆಯ ಹುಡುಗನಿಗೆ ಹೇಳಿಕೊಡುವಾಗ ಮೊದಲ ದಿನ ಚೌಕುಳಿ ಪುಸ್ತಕ, ಎರಡನೆಯ ದಿನ ಅಂಗಳದಲ್ಲಿ ಹಗ್ಗ, ಮೂರನೆಯ ದಿನ ಸೂತ್ರ ಎಂದು ಕ್ರಮ ಬದಲಿಸಿದೆ. ಅವನಿಗೆ 24, 36 ಒಮ್ಮೆಯೂ ಅದಲುಬದಲಾಗಲಿಲ್ಲ.

ತಂಗಿಯ ಮಗಳು ಹಾಸನಕ್ಕೆ ಹೋಗಿ ವಾರ ಕಳೆದ ಮೇಲೆ ಫೋನ್ ಮಾಡಿದ್ದಳು. “ಮಾವ, ನಮ್ಮ ಸೈಟು 30 × 40. ಸುತ್ತಲೂ 140 ಅಡಿ ಕಾಂಪೌಂಡ್, ಜಾಗ 1200. ಅದೇ 140 ಅಡಿಯಲ್ಲಿ ಚೌಕ ಮಾಡಿದರೆ 35 × 35, 1225 ಬರುತ್ತದೆ. ಅಪ್ಪನಿಗೆ ಹೇಳಿದರೆ ನಂಬಲಿಲ್ಲ, ಹಗ್ಗ ತಾ ಎಂದಿದ್ದೇನೆ.”