ಬರೀ ‘ನೈಂಟಿ ಆಯಿಲ್’ ಅಂದರೆ ಸಾಲದು: ಹಳೆಯ ಲಾರಿಯ ಗೇರ್ ಬಾಕ್ಸಿಗೆ ಐದು ಎಣ್ಣೆ ಹಾಕಿ ನೋಡಿದ ಹೋಲಿಕೆ

ಹುಬ್ಬಳ್ಳಿಯ ಆಯಿಲ್ ಅಂಗಡಿಗಳಲ್ಲಿ ದಿನಾ ಕೇಳುವ ಮಾತು: “ನೈಂಟಿ ಆಯಿಲ್ ಕೊಡ್ರಿ.” ಕೊಡುವವರೂ ಯಾವುದಕ್ಕೆ ಎಂದು ಕೇಳುವುದಿಲ್ಲ. ಅದೇ ಕ್ಯಾನ್ ಗೇರ್ ಬಾಕ್ಸಿಗೂ ಹೋಗುತ್ತದೆ, ಹಿಂದಿನ ಹೌಸಿಂಗಿಗೂ (ಹಿಂಗಾಲಿಗಳನ್ನು ತಿರುಗಿಸುವ ಡಿಫರೆನ್ಶಿಯಲ್ಲಿಗೂ) ಹೋಗುತ್ತದೆ. 90 ಅನ್ನುವ ಅಂಕಿ ಹೇಳುವುದು ಎಣ್ಣೆಯ ದಪ್ಪವನ್ನಷ್ಟೇ. ಗೇರ್ ಬಾಕ್ಸಿನ ಒಳಗಿನ ಹಿತ್ತಾಳೆ ರಿಂಗಿನ ಆಯುಷ್ಯ ಕ್ಯಾನಿನ ಮೇಲಿರುವ ಇನ್ನೊಂದು ಗುರುತಿನ ಮೇಲೆ ನಿಂತಿದೆ: ಜಿಎಲ್-4 ಅಥವಾ ಜಿಎಲ್-5, ಅಂದರೆ ಹಲ್ಲುಗಳ ಒತ್ತಡ ತಡೆಯುವ ಶಕ್ತಿಯ ದರ್ಜೆ.

ನೋಡಿದ್ದು ಆರು ಗಾಲಿಯ ಹಳೆಯ ಲಾರಿಗಳ ಐದು ಗೇರಿನ ಸಿಂಕ್ರೋ (ಗೇರ್ ಬೀಳುವ ಮುನ್ನ ವೇಗ ಸಮ ಮಾಡುವ ರಿಂಗುಗಳಿರುವ) ಬಾಕ್ಸಿನಲ್ಲಿ. ಓಟ ಅಮರಗೋಳದ ಎಪಿಎಂಸಿಯಿಂದ ಗದಗ, ಹಾವೇರಿ ಕಡೆಯ ಬಯಲು ರಸ್ತೆ. ಜೊತೆಗೆ ಯಲ್ಲಾಪುರ ದಾಟಿ ಅರಬೈಲ್ ಘಾಟ್.

ಸಿಂಕ್ರೋ ಹೇಗೆ ಕೆಲಸ ಮಾಡುತ್ತದೆ ಅನ್ನುವುದು ಗೊತ್ತಿದ್ದರೆ ಆಯ್ಕೆ ಸುಲಭ. ಗೇರ್ ಹಾಕುವಾಗ ಹಿತ್ತಾಳೆ ರಿಂಗು ಉಕ್ಕಿನ ಕೋನಿನ ಮೇಲೆ ಒತ್ತಿ, ಉಜ್ಜಿ, ಎರಡರ ವೇಗವನ್ನೂ ಸಮ ಮಾಡುತ್ತದೆ. ರಿಂಗಿನ ಒಳಮೈಯಲ್ಲಿರುವ ಸಣ್ಣ ಗೀರುಗಳು ನಡುವಿನ ಎಣ್ಣೆಯನ್ನು ಹಿಂಡಿ ಹೊರಹಾಕಿದರೆ ಮಾತ್ರ ಅದು ಹಿಡಿಯುವುದು. ಎಣ್ಣೆ ಬಹಳ ದಪ್ಪವಿದ್ದರೆ ಹಿಂಡುವುದು ತಡ, ಬಹಳ ಜಾರುವಂಥದ್ದಾದರೆ ಹಿಡಿತವೇ ಇಲ್ಲ. ಎರಡರಲ್ಲೂ ಕೇಳುವುದು ಅದೇ ಕರಕರ ಸದ್ದು.

80ಡಬ್ಲ್ಯೂ-90 ಜಿಎಲ್-4 ಎಲ್ಲದಕ್ಕಿಂತ ಚೆನ್ನಾಗಿ ನಡೆಯಿತು. 100 ಡಿಗ್ರಿ ಬಿಸಿಯಲ್ಲಿ ಇದರ ದಪ್ಪ 13.5ರಿಂದ 18.5 ಸೆಂಟಿಸ್ಟೋಕ್ (ಎಣ್ಣೆಯ ದಪ್ಪ ಅಳೆಯುವ ಮಾನ). ಧಾರವಾಡದ ಡಿಸೆಂಬರ್ ನಸುಕಿನಲ್ಲೂ ಮೊದಲ ಎರಡು-ಮೂರು ಕಿ.ಮೀ. ಬಿಟ್ಟರೆ ಎರಡನೇ ಗೇರ್ ಸಲೀಸಾಗಿ ಬೀಳುತ್ತದೆ, ಏಪ್ರಿಲ್ ಬಿಸಿಲಿನಲ್ಲಿ ಲೋಡ್ ಹೊತ್ತು ಘಾಟ್ ಹತ್ತಿದರೂ ಹಲ್ಲುಗಳ ನಡುವೆ ಪದರ ಉಳಿಯುತ್ತದೆ. ತಾಪತ್ರಯ ಒಂದೇ, ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ. ಕೈಗೆ ಮೊದಲು ಬರುವುದು ಜಿಎಲ್-5.

ಆ 80ಡಬ್ಲ್ಯೂ-90 ಜಿಎಲ್-5ರ ದಪ್ಪವೂ ಅಷ್ಟೇ. ಆದರೆ ಒತ್ತಡ ತಡೆಯುವ ಗಂಧಕ-ರಂಜಕದ ಮಿಶ್ರಣ ಜಿಎಲ್-4ಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಇರುತ್ತದೆ. ಹೌಸಿಂಗಿನ ಹೈಪಾಯ್ಡ್ ಕ್ರೌನ್-ಪಿನಿಯನ್ ಹಲ್ಲುಗಳು ಒಂದರ ಮೇಲೊಂದು ಜಾರುತ್ತ ತಿರುಗುತ್ತವೆ, ಅಲ್ಲಿ ಇದು ಬೇಕೇ ಬೇಕು. ಗೇರ್ ಬಾಕ್ಸಿನಲ್ಲಿ ಅದೇ ಗಂಧಕ ಬಿಸಿಯಾದಾಗ ಹಿತ್ತಾಳೆಯ ಮೇಲೆ ಕಪ್ಪು ಪದರ ಕಟ್ಟುತ್ತದೆ. ಪ್ರತಿ ಗೇರಿಗೂ ಆ ಪದರ ತನ್ನ ಜೊತೆ ಚೂರು ಹಿತ್ತಾಳೆಯನ್ನೂ ಕಿತ್ತುಕೊಂಡು ಹೋಗುತ್ತದೆ. ಹಾಕಿದ ವಾರಕ್ಕೆ ಏನೂ ಗೊತ್ತಾಗುವುದಿಲ್ಲ, ಮೋಸ ಇರುವುದೇ ಅಲ್ಲಿ. ತಿಂಗಳುಗಳ ಮೇಲೆ ಮೂರರಿಂದ ಎರಡಕ್ಕೆ ಇಳಿಸುವಾಗ ಕರಕರ ಶುರುವಾಗುತ್ತದೆ, ಡ್ರೈನ್ ಮಾಡಿದರೆ ಎಣ್ಣೆಯಲ್ಲಿ ಬಂಗಾರದ ಬಣ್ಣದ ಪುಡಿ ಮಿನುಗುತ್ತದೆ. ಹಳೆಯ ರಿಂಗಿನ ಎರಡು ತುಂಡುಗಳನ್ನು ಎಮರಿ ಪೇಪರಿನಲ್ಲಿ ಉಜ್ಜಿ, ಒಂದೊಂದನ್ನು ಒಂದೊಂದು ಎಣ್ಣೆಯಲ್ಲಿ ಮುಳುಗಿಸಿ ಬಿಸಿಯಲ್ಲಿಟ್ಟರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಪ್ರಯೋಗಾಲಯದಲ್ಲಿ ತಾಮ್ರದ ಪಟ್ಟಿಯನ್ನು 121 ಡಿಗ್ರಿಯಲ್ಲಿ 3 ತಾಸು ಇಟ್ಟು ನೋಡುವುದೂ ಇದನ್ನೇ. ಈಚಿನ ಕೆಲವು ಜಿಎಲ್-5 ಎಣ್ಣೆಗಳು ಹಿತ್ತಾಳೆಯನ್ನು ಅಷ್ಟು ಕಪ್ಪು ಮಾಡುವುದಿಲ್ಲ, ನಿಜ. ಆದರೂ ಕ್ಯಾನಿನ ಮೇಲೆ ‘ಸಿಂಕ್ರೋಮೆಶ್ ಗೇರ್ ಬಾಕ್ಸಿಗೆ ಸೂಕ್ತ’ ಎಂದು ಬರೆದಿರದಿದ್ದರೆ ಹಾಕಬೇಡಿ. ‘ಎಂಟಿ-1’ ಎಂದು ಕಂಡು ಮೋಸ ಹೋಗುವವರೂ ಇದ್ದಾರೆ. ಆ ದರ್ಜೆ ಸಿಂಕ್ರೋ ಇಲ್ಲದ ಭಾರಿ ಗೇರ್ ಬಾಕ್ಸುಗಳಿಗಾಗಿ ಮಾಡಿದ್ದು.

85ಡಬ್ಲ್ಯೂ-140, ಅಂದರೆ ‘ಒನ್ ಫಾರ್ಟಿ’, ಹಳೆಯ ಬಾಕ್ಸ್ ಸದ್ದು ಮಾಡಿದೊಡನೆ ಸಿಗುವ ಸಲಹೆ. ಸದ್ದು ಕಡಿಮೆಯಾಗುವುದು ಖರೆ. ಬೇರಿಂಗ್ ಮಾತ್ರ ಸವೆದದ್ದು ಸವೆದಂತೆಯೇ ಇರುತ್ತದೆ. ಮುಂಜಾನೆ 10–15 ಕಿ.ಮೀ. ಹೋಗುವ ತನಕ ಎರಡನೇ ಗೇರ್ ಒರಟು, ಮೇಲಾಗಿ ಇಷ್ಟು ದಪ್ಪ ಎಣ್ಣೆ ಗೇರುಗಳ ಒಳಗಿನ ಸಣ್ಣ ರೋಲರ್ ಬೇರಿಂಗಿಗೆ ತಡವಾಗಿ ತಲುಪುತ್ತದೆ. ಸದ್ದಿದ್ದರೆ ಮೊದಲು ಹೀಗೆ ನೋಡಿ: ನ್ಯೂಟ್ರಲ್‌ನಲ್ಲಿ ಎಂಜಿನ್ ನಡೆಸಿ. ಸದ್ದಿದ್ದು, ಕ್ಲಚ್ ಒತ್ತಿದಾಗ ನಿಂತರೆ ಮುಂದಿನ ಶಾಫ್ಟ್ ಅಥವಾ ಕೆಳಗಿನ ಲೇ ಶಾಫ್ಟಿನ ಬೇರಿಂಗ್ ಹೋಗಿದೆ. ಕ್ಲಚ್ ಒತ್ತಿದಾಗ ಮಾತ್ರ ಬಂದರೆ ರಿಲೀಸ್ ಬೇರಿಂಗ್. ಇವೆರಡಕ್ಕೂ ಎಣ್ಣೆ ಮದ್ದಲ್ಲ.

15ಡಬ್ಲ್ಯೂ-40 ಎಂಜಿನ್ ಆಯಿಲ್ ಕೇಳಿ ಹೌಹಾರಬೇಕಿಲ್ಲ. ಎಂಜಿನ್ ಎಣ್ಣೆಯ ಅಂಕಿಗೂ ಗೇರ್ ಎಣ್ಣೆಯ ಅಂಕಿಗೂ ಅಳತೆಗೋಲೇ ಬೇರೆ. ಬಿಸಿಯಲ್ಲಿ ಇದರ ದಪ್ಪ 12.5ರಿಂದ 16.3, ಅಂದರೆ ನೈಂಟಿಯ ಹತ್ತಿರವೇ. ಹಿತ್ತಾಳೆಗೆ ಅಪಾಯವಿಲ್ಲ, ಗೇರ್ ಬೀಳುವುದೂ ಹಗುರ. ಆದರೆ ಒತ್ತಡ ತಡೆಯುವ ಶಕ್ತಿ ಕಡಿಮೆ, ಲೋಡಿನಲ್ಲಿ ಘಾಟ್ ಹತ್ತುವ ಲಾರಿಯ ಹಲ್ಲುಗಳಲ್ಲಿ ಕುಳಿ ಬೀಳುತ್ತದೆ. ದಾರಿಯಲ್ಲಿ ಟಾಪ್ ಅಪ್‌ಗೆ ಸರಿ. ಕಂಪನಿಯೇ ಎಂಜಿನ್ ಆಯಿಲ್ ಹೇಳಿದ್ದ ಬಾಕ್ಸಾದರೆ ಅದನ್ನೇ ಹಾಕಿ.

ಸಿಂಥೆಟಿಕ್ 75ಡಬ್ಲ್ಯೂ-90 ಜಿಎಲ್-4 ಎಣ್ಣೆಯಾಗಿ ಒಳ್ಳೆಯದೇ. ಗಟ್ಟಿಯಾದ ಹಳೆಯ ಸೀಲುಗಳಿಂದ ಜಿನುಗುತ್ತದೆ, ಬೆಲೆಯೂ ಭಾರ. ನಮ್ಮ ಚಳಿಗೆ ಅಗತ್ಯವಿಲ್ಲ.

ಬದಲಿಸುವ ಕ್ರಮದಲ್ಲಿ ತಪ್ಪಾದರೆ ಒಳ್ಳೆಯ ಎಣ್ಣೆಯೂ ವ್ಯರ್ಥ. 15–20 ಕಿ.ಮೀ. ಓಡಿಸಿ, ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಗಾಲಿಗೆ ಅಡ್ಡ ಕೊಡಿ. ಮೊದಲು ಬಿಚ್ಚಬೇಕಾದದ್ದು ಮೇಲಿನ ಫಿಲ್ಲರ್ ಪ್ಲಗ್. ಕೆಳಗಿಂದ ಎಲ್ಲ ಸುರಿದ ಮೇಲೆ ಅದು ಜಾಮ್ ಎಂದು ಗೊತ್ತಾದರೆ ಲಾರಿ ಅಲ್ಲೇ ಉಳಿಯಿತು. 20 ನಿಮಿಷ ಸೋರಲು ಬಿಡಿ. ಮ್ಯಾಗ್ನೆಟ್ ಪ್ಲಗ್ಗಿನ ಮೇಲೆ ಬೂದು ಬಣ್ಣದ ನುಣ್ಣನೆ ಕೆಸರು ಸಹಜ, ಚಕ್ಕೆ ಕಂಡರೆ ಹಲ್ಲು ಅಥವಾ ಬೇರಿಂಗ್ ಒಡೆದಿದೆ, ಎಣ್ಣೆ ಹಾಲಿನಂತಿದ್ದರೆ ನೀರು ಹೊಕ್ಕಿದೆ. ಡೀಸೆಲ್ ಹಾಕಿ ಎಂಜಿನ್ ನಡೆಸಿ ತೊಳೆಯುವ ರೂಢಿ ಬೇಡ, ಬೇರಿಂಗ್ ಒಣಗಿ ತಿರುಗುತ್ತದೆ. ಹೊಸ ವಾಷರ್ ಹಾಕಿ, ಫಿಲ್ಲರ್ ತೂತಿನ ಕೆಳಅಂಚಿನಿಂದ ಹನಿ ಇಳಿಯುವ ತನಕ ತುಂಬಿಸಿ. ಲೀಟರಿನ ಲೆಕ್ಕಕ್ಕಿಂತ ಈ ಮಟ್ಟ ಮುಖ್ಯ. ಹೆಚ್ಚಾದರೆ ನೊರೆಯೆದ್ದು ಮುಂದಿನ ಸೀಲಿನಿಂದ ಕ್ಲಚ್ ಪ್ಲೇಟಿಗೆ ಇಳಿಯುತ್ತದೆ. ಉಸಿರಾಟದ ತೂತಿನಲ್ಲಿ ಮಣ್ಣು ಕಟ್ಟಿದ್ದರೂ ಅದೇ ಗತಿ. ಈ ಮೊದಲು ಜಿಎಲ್-5 ಇದ್ದ ಬಾಕ್ಸಾದರೆ 5,000 ಕಿ.ಮೀ.ಗೆ ಮತ್ತೊಮ್ಮೆ ಬದಲಿಸಿ, ಒಳಗೆ ಉಳಿದದ್ದು ಹೋಗಲಿ.

ಎಣ್ಣೆ ಸರಿಯಿದ್ದೂ ಕರಕರ ಬಂದರೆ ಕ್ಲಚ್ ನೋಡಿ. ಕ್ಲಚ್ ಪೂರಾ ಒತ್ತಿ ಐದು ಸೆಕೆಂಡ್ ಬಿಟ್ಟು ರಿವರ್ಸ್ ಹಾಕಿದಾಗಲೂ ಕಿರುಗುಟ್ಟಿದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಇನ್ನು ಘಾಟ್ ಇಳಿಯುವಾಗ ಎಂಜಿನ್ ಬಂದ್ ಮಾಡಿ ನ್ಯೂಟ್ರಲ್‌ನಲ್ಲಿ ಬಿಡುವುದು ಬ್ರೇಕಿಗಂತೂ ಕೆಟ್ಟದ್ದೇ, ಗೇರ್ ಬಾಕ್ಸಿಗೂ ಕೆಟ್ಟದ್ದು: ಎಣ್ಣೆ ಎರಚುವ ಲೇ ಶಾಫ್ಟ್ ನಿಂತಿರುತ್ತದೆ, ಮೇನ್ ಶಾಫ್ಟ್ ತಿರುಗುತ್ತಲೇ ಇರುತ್ತದೆ. ಟೋ ಮಾಡುವಾಗ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಬೇಕಾದದ್ದೂ ಇದಕ್ಕೇ.

ಗ್ಯಾರೇಜಿನಲ್ಲಿ ಎರಡು ಕ್ಯಾನಿಗೂ ಬಣ್ಣ ಬಳಿದಿಡಿ: ಜಿಎಲ್-4ಕ್ಕೆ ಹಸಿರು, ಹೌಸಿಂಗಿನ ಜಿಎಲ್-5ಕ್ಕೆ ಕೆಂಪು. ಫಿಲ್ಲರ್ ಪ್ಲಗ್ಗುಗಳ ತಲೆಗೂ ಅದೇ ಬಣ್ಣದ ಚುಕ್ಕೆ ಇಟ್ಟರೆ, ಓದು ಬಾರದ ಹುಡುಗ ತುಂಬಿಸಿದರೂ ಕ್ಯಾನ್ ಅದಲುಬದಲಾಗುವುದಿಲ್ಲ.