ಬ್ರೌಸರ್ ಒಳಗಿನ ಫೈಲ್ ಸಿಸ್ಟಮ್: ಎರಡು ವರ್ಷ ಬಳಸಿದ ಮೇಲೆ

ಭಾವನ ಹಾರ್ಡ್‌ವೇರ್ ಅಂಗಡಿಯ ಸ್ಟಾಕ್ ಲೆಕ್ಕಕ್ಕೆ ನಾನೊಂದು ವೆಬ್ ಆಪ್ ಬರೆದುಕೊಟ್ಟಿದ್ದೇನೆ. ಸರ್ವರ್‌ಗೆ ತಿಂಗಳು ತಿಂಗಳು ದುಡ್ಡು ಕಟ್ಟೋಕೆ ಅವರು ಒಪ್ಪಲಿಲ್ಲ, ಅಂಗಡಿಯಲ್ಲಿ ನೆಟ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹಾಗಾಗಿ ಡೇಟಾ ಎಲ್ಲ ಬ್ರೌಸರ್‌ನ ಒರಿಜಿನ್ ಪ್ರೈವೇಟ್ ಫೈಲ್ ಸಿಸ್ಟಮ್‌ನಲ್ಲೇ ಇದೆ, ಅಂದರೆ ಪ್ರತಿ ಸೈಟಿಗೂ ಬ್ರೌಸರ್ ಅದೇ ಕಂಪ್ಯೂಟರಿನಲ್ಲಿ ಕೊಡುವ ಖಾಸಗಿ ಫೈಲ್ ಜಾಗದಲ್ಲಿ. ಅದರ ಮೇಲೆ ಎಸ್‌ಕ್ಯೂಲೈಟ್ ಅನ್ನೋ ಪುಟ್ಟ ಡೇಟಾಬೇಸ್ ಓಡುತ್ತದೆ.

ವೇಗ ಮಾತ್ರ ನಿಜಕ್ಕೂ ಖುಷಿ ಕೊಟ್ಟಿತು. ಮೊದಲು ಬ್ರೌಸರ್‌ನದೇ ಡೇಟಾಬೇಸ್ ಆದ ಇಂಡೆಕ್ಸ್ಡ್‌ಡಿಬಿ ಇಟ್ಟಿದ್ದೆ, ಪ್ರತಿ ಓದಿಗೂ ಕಾಯಬೇಕಿತ್ತು. ಇಲ್ಲಿ ವರ್ಕರ್ (ಪುಟದ ಹಿನ್ನೆಲೆಯಲ್ಲಿ ಬೇರೆಯಾಗಿ ಓಡುವ ಕೋಡ್) ಒಳಗೆ ಸಿಂಕ್ ಆಕ್ಸೆಸ್ ಹ್ಯಾಂಡಲ್, ಅಂದರೆ ಕಾಯದೆ ಫೈಲ್ ಓದಿ ಬರೆಯುವ ಹಿಡಿ, ತೆಗೆದರೆ ಫೈಲಿನ ಬೇಕಾದ ಜಾಗಕ್ಕೇ ನೇರವಾಗಿ ಬರೆಯಬಹುದು. 'ಅರ್ಧ ಇಂಚು ಎಲ್ಬೋ' ಅಂತ ಟೈಪ್ ಮಾಡಿ ಮುಗಿಯುವಷ್ಟರಲ್ಲಿ ಎಷ್ಟು ಉಳಿದಿದೆ ಅಂತ ತೋರಿಸುತ್ತದೆ. ಎರಡನೇ ಟ್ಯಾಬ್ ತೆರೆದರೆ ಮಾತ್ರ ಫೈಲ್ ಸಿಗಲ್ಲ, ಮೊದಲನೆಯದು ಲಾಕ್ ಹಿಡಿದು ಕೂತಿರುತ್ತದೆ.

ಒಂದು ದಿನ ಭಾವ ಕೇಳಿದರು, "ಆ ಫೈಲ್ ಎಲ್ಲಿದೆ ತೋರಿಸಪ್ಪ, ನಾನೇ ಕಾಪಿ ಮಾಡ್ಕೋತೀನಿ." ತೋರಿಸೋಕೆ ಆಗಲಿಲ್ಲ. ಡಿಸ್ಕ್‌ನಲ್ಲೇ ಇದೆ, ಆದರೆ ಬ್ರೌಸರ್ ತನ್ನ ಸ್ವಂತ ಡೇಟಾ ಇಡುವ ಪ್ರೊಫೈಲ್ ಫೋಲ್ಡರ್ ಒಳಗೆ ತನ್ನದೇ ರೀತಿಯಲ್ಲಿ ಇಟ್ಟುಕೊಂಡಿರುತ್ತದೆ, ನಾವು ಕೊಟ್ಟ ಹೆಸರು ಅಲ್ಲಿ ಹುಡುಕಿದರೂ ಸಿಗಲ್ಲ. ಇದೇ ನನಗೆ ಇದರಲ್ಲಿ ಬಹಳ ಬೇಸರದ ವಿಷಯ.

ಆ ಬೇಸರಕ್ಕೆ ಬೆಲೆಯನ್ನೂ ತೆತ್ತೆವು. ಕಂಪ್ಯೂಟರ್ ನಿಧಾನ ಆಯ್ತು ಅಂತ ರಿಪೇರಿಗೆ ಬಂದ ಹುಡುಗ ಕುಕೀಸ್, ಸೈಟ್ ಡೇಟಾ ಎಲ್ಲ ಕ್ಲಿಯರ್ ಮಾಡಿ ಹೋದ. ಡೇಟಾಬೇಸ್ ಅದರ ಜೊತೆಗೇ ಹೋಯಿತು. ನಾನು ಬ್ರೌಸರ್‌ನಿಂದ ಪರ್ಸಿಸ್ಟ್ (ಡೇಟಾ ಉಳಿಸಿಕೊಳ್ಳುವ) ಅನುಮತಿ ತಗೊಂಡಿದ್ದೆ, ಆದರೆ ಅದು ಡಿಸ್ಕ್ ತುಂಬಿದಾಗ ಬ್ರೌಸರ್ ತಾನಾಗಿ ಅಳಿಸದಂತೆ ತಡೆಯುತ್ತದೆ ಅಷ್ಟೇ, ಮನುಷ್ಯ ಬಟನ್ ಒತ್ತಿದರೆ ತಡೆಯಲ್ಲ. ಮೊದಲೇ ಹೊರಗೆ ತೆಗೆದಿಟ್ಟ ಡೇಟಾದ ಹಳೇ ಪ್ರತಿ ಒಂದಿತ್ತು. ನಡುವಿನ 11 ದಿನದ ಲೆಕ್ಕವನ್ನು ಬಿಲ್ ಬುಕ್ಕಿನ ಕಾರ್ಬನ್ ಕಾಪಿ ನೋಡಿಕೊಂಡು ಅಕ್ಕ ಓದಿದಳು, ನಾನು ಟೈಪ್ ಮಾಡಿದೆ, ಮೂರು ರಾತ್ರಿ ಹಿಡಿಯಿತು.

ಅವತ್ತೇ ಬಿಟ್ಟುಬಿಡಬೇಕು ಅನ್ನಿಸಿತ್ತು. ಬಿಡಲಿಲ್ಲ, ಒಂದು ಬ್ಯಾಕಪ್ ಬಟನ್ ಸೇರಿಸಿದೆ. ಈಗ ದಿನಾ ಸಂಜೆ ಶಟರ್ ಎಳೆಯುವ ಮೊದಲು ಭಾವ ಕೆಂಪು ಪೆನ್ ಡ್ರೈವ್ ಹಾಕುತ್ತಾರೆ, ಬಟನ್ ಒತ್ತುತ್ತಾರೆ, ತಾರೀಖು ಹೊತ್ತ ಫೈಲ್ ಬಂತಾ ಅಂತ ಫೋಲ್ಡರ್ ತೆಗೆದು ನೋಡಿ, ಅದರ ಸೈಜ್ ನಿನ್ನೆಯದರ ಪಕ್ಕ ಇಟ್ಟು ಹೋಲಿಸುತ್ತಾರೆ. ಕಣ್ಣಿಗೆ ಕಾಣುವ ಒಂದು ಫೈಲ್ ಕೈಗೆ ಬಂದ ಮೇಲೆ ಅವರಿಗೂ ನೆಮ್ಮದಿ, ನನಗೂ.

ಒಂದೇ ಕಂಪ್ಯೂಟರ್, ಕಡಿಮೆ ಬಜೆಟ್, ಇಷ್ಟಕ್ಕೆ ಧೈರ್ಯವಾಗಿ ಬಳಸಿ. ಐಫೋನ್‌ನಲ್ಲಾದರೆ ಆಪನ್ನು ಹೋಮ್ ಸ್ಕ್ರೀನ್‌ಗೆ ಸೇರಿಸಿಕೊಂಡೇ ಬಳಸಿ, ಯಾಕಂದ್ರೆ ನೀವು ಸಫಾರಿ ಬ್ರೌಸರ್ ಬಳಸುತ್ತಾ ಇದ್ದು ಆ ಸೈಟನ್ನು ಮಾತ್ರ 7 ದಿನ ಮುಟ್ಟದಿದ್ದರೆ ಸಫಾರಿ ಆ ಸೈಟಿನ ಡೇಟಾ ಅಳಿಸುತ್ತದೆ. ಮತ್ತೆ, ಬ್ಯಾಕಪ್ ಬಟನ್ ಮೊದಲ ದಿನವೇ ಇರಲಿ.